ಹಂದಿಯ ಹೆಸರಿಗೆ ಬರೆದ ಗಾಯ

ದಮ್ಮಾಮ್
2 ಫೆಬ್ರವರಿ 2025

ಪ್ರೀತಿಯ ಲೋಕಯ್ಯಣ್ಣನಿಗೆ ಸುಲೈಮಾನ್ ಮಾಡುವ ಸಲಾಂ.

ನಿಝಾರ್ ಮೊನ್ನೆ ಊರಿಂದ ಬಂದ. ನೀವು ಅವನ ಕೈಯಲ್ಲಿ ಕೊಟ್ಟ ಕಟ್ಟು ಸಿಕ್ಕಿತು. ನಿಮ್ಮ ಮನೆಯವರು ಪದ್ಮಾಕ್ಷಿ ಅಕ್ಕ ಮಾಡಿದ ಲೇಹ್ಯ ಎರಡು ಬಾಟ್ಲಿ, ಸೊಂಟಕ್ಕೆ ಹಚ್ಚುವ ಎಣ್ಣೆ ಒಂದು, ಹಲಸಿನ ಹಪ್ಪಳ. ಹಪ್ಪಳವನ್ನು ರೂಮಿನವರು ಆ ದಿನವೇ ಮುಗಿಸಿದರು. ಲೇಹ್ಯವನ್ನು ಮಾತ್ರ ನಾನು ಬಿಟ್ಟರೆ ಬೇರೆ ಯಾರೂ ಮುಟ್ಟಲಿಲ್ಲ, ಅದರ ವಾಸನೆಗೇ ಅವರಿಗೆಲ್ಲ ಹೆದರಿಕೆ.

ಈ ವಾಟ್ಸಾಪಿನ ಕಾಲದಲ್ಲಿ ಕಾಗದ ಬರೆಯುವ ಇಬ್ಬರೇ ಮುದುಕರು ನೀವು ಎಂದು ನನ್ನ ಅಕ್ಕನ ಮಗ ಉನೈಸ್ ನಗಾಡುತ್ತಾನೆ. ನಗಾಡಲಿ. ನಿಮ್ಮ ಎಡಗಿವಿ ನನ್ನಿಂದಾಗಿ, ಆ ದಿನದ ಕೋವಿಯ ಸದ್ದಿಗೆ ಹೋದದ್ದು, ಬಲಗಿವಿಗೂ ಈಗ ಫೋನಿನ ಮಾತು ಹಿಡಿಯುವುದಿಲ್ಲ. ನಿಮ್ಮ ಮಗ ಮನ್ವಿತ್‌ನ ಮೊಬೈಲಿಗೆ ಹಾಕಿದರೆ ನಿಮಗಿಂತ ಮೊದಲು ಊರೇ ಓದುತ್ತದೆ. ಬರುವ ಹೋಗುವವರ ಕೈಯಲ್ಲಿ ಕಳಿಸುವ ಈ ಕ್ರಮವೇ ಒಳ್ಳೆಯದು.

ನನ್ನ ಆರೋಗ್ಯ ಅಷ್ಟಕ್ಕಷ್ಟೆ. ಹೊಟ್ಟೆಯೊಳಗೆ ಬಟ್ಟೆ ಹಿಂಡಿದ ಹಾಗೆ ನೋವು ಬರುತ್ತದೆ, ಹೋಗುತ್ತದೆ. ಗ್ಯಾಸ್ ಎಂದು ಮಾತ್ರೆ ಕೊಟ್ಟಿದ್ದಾರೆ. ಇನ್ನೊಂದು ತಮಾಷೆ ಕೇಳಿ. ಬಲಗೈಯ ಮಣಿಕಟ್ಟು ನಿಲ್ಲುವುದಿಲ್ಲ. ಚಹಾದ ಗ್ಲಾಸ್ ಎತ್ತಿದರೆ ಕೈ ಕೊಯ್ದ ಕೋಳಿಯ ಕುತ್ತಿಗೆಯ ಹಾಗೆ ಜೋತು ಬೀಳುತ್ತದೆ. ಬಟ್ಟೆ ಅಂಗಡಿಯಲ್ಲಿ ಕತ್ತರಿ ಹಿಡಿಯಲಾಗದವನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೋ ನೋಡುವ.

ಬರುವ ಏಪ್ರಿಲ್ ಹತ್ತೊಂಬತ್ತಕ್ಕೆ ಹನ್ನೆರಡು ವರ್ಷ ಆಗುತ್ತದೆ. ಪ್ರತಿ ಸಲ ಬರೆಯುತ್ತೇನೆ ಎಂದು ನಿಮಗೆ ಬೇಸರ ಇರಬಹುದು, ಆದರೂ ಬರೆಯದೆ ನನಗೆ ಸಮಾಧಾನ ಇಲ್ಲ. ಬೆಳಿಗ್ಗೆ ಏಳು ಗಂಟೆಗೆ ಅಡಿಕೆ ವ್ಯಾಪಾರದ ಮಾತಿಗೆ ಬಂದವನು, ಹತ್ತಿರದ ದಾರಿ ಎಂದು ನಿಮ್ಮ ರಬ್ಬರ್ ತೋಟದ ಒಳಗೆ ನುಗ್ಗಿದೆ. ನಾಯಿ ಬೊಗಳುತ್ತಿತ್ತು. ಹಲಸಿನ ಮರದ ಬುಡದಲ್ಲಿ ಒಂದು ಸದ್ದು, ಸೊಂಟಕ್ಕೆ ಯಾರೋ ಹಾರೆಯಲ್ಲಿ ಹೊಡೆದ ಹಾಗೆ, ಆಮೇಲೆ ಆಕಾಶ. ಕಣ್ಣು ಬಿಟ್ಟಾಗ ಜೀಪಿನಲ್ಲಿ ನಿಮ್ಮ ತೊಡೆಯ ಮೇಲೆ ನನ್ನ ತಲೆ ಇತ್ತು. “ಹಂದಿ ತಿವಿಯಿತು ಮಾರಾಯ, ಕೋವಿಯ ಬೆಡಿ ಬಿಟ್ಟು ಓಡಿಸಿದೆ” ಎಂದು ನೀವು ಅಳುತ್ತಿದ್ದಿರಿ. ಎಲೆಕ್ಷನ್ ಸಮಯ, ನಿಮ್ಮ ಲೈಸನ್ಸಿನ ಕೋವಿಯನ್ನು ಠಾಣೆಗೆ ಒಪ್ಪಿಸಿ ಆಗಿತ್ತು. ತಂದೆಯ ಕಾಲದ ಕಳ್ಳಕೋವಿ ಅಟ್ಟದಲ್ಲಿ ಇದ್ದದ್ದಕ್ಕೆ ನಾನು ಉಳಿದೆ. ಆ ಕೋವಿಯ ವಿಷಯ ಇಂದಿನವರೆಗೆ ಜುಲೈಕಾಳಿಗೂ ಹೇಳಿಲ್ಲ. ಜೀವ ಉಳಿಸಿದವರನ್ನು ಠಾಣೆಯ ಮೆಟ್ಟಿಲು ಹತ್ತಿಸುವ ಹೆಂಡತಿಯನ್ನು ನಾನು ಮದುವೆಯಾಗಿಲ್ಲ, ಆದರೂ ಹೇಳಿಲ್ಲ.

ಉಮ್ಮ ಮೂಡುಬಿದಿರೆಯಲ್ಲಿ ನನ್ನ ಮಗಳು ಶಬ್ನಾಳ ಮನೆಯಲ್ಲಿ ಇದ್ದಾರೆ. ಫೋನಿನಲ್ಲಿ ಈಗಲೂ ಮೊದಲು ಕೇಳುವುದು ಆ ಗಾಯವನ್ನೇ. ಹಂದಿ ಮುಟ್ಟಿದ ಮೈಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಕಲಸಿದ ನೀರಿನಲ್ಲಿ ಎಂಬುದು ನಮ್ಮ ಕ್ರಮ ಎಂದು ನಿಮಗೆ ಗೊತ್ತುಂಟು. ಗಾಯ ಆರುವ ತನಕ ಕಾಯಿರಿ ಎಂದು ಮಸೀದಿಯ ಉಸ್ತಾದರು ಹೇಳಿದ್ದರು. ಉಮ್ಮನಿಗೆ ಕಾಯಲು ಆಗಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಪಾಣೆಮಂಗಳೂರಿನ ಮನೆಯ ಹಿತ್ತಿಲಿನಲ್ಲಿ ಕೂರಿಸಿ, ಅಳುತ್ತಾ ಅಳುತ್ತಾ ತೊಳೆದರು. ಹೊಲಿಗೆಯೊಳಗೆ ಮಣ್ಣು ಹೋಗಿ ಕೀವಾಗಿ ಮತ್ತೆ ಇಪ್ಪತ್ತೆರಡು ದಿನ ಆಸ್ಪತ್ರೆ. “ಹಂದಿ ಬಿಟ್ಟ ಮಗನನ್ನು ನಾನು ಕೊಲ್ಲಲಿಕ್ಕೆ ಹೊರಟೆ” ಎಂದು ಈಗಲೂ ಹೇಳುತ್ತಾರೆ. ಆ ಮೇಲೆ ಒಂದು ದಿನವೂ ನನ್ನ ತಲೆ ಸವರಿಲ್ಲ. ನಾನು ಹತ್ತಿರ ಹೋದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಾರೆ.

ಇರಲಿ. ಊರಲ್ಲಿ ಮೂವರು ಸುಲೈಮಾನರ ನಡುವೆ ನನಗೆ ಈಗಲೂ ‘ಹಂದಿ ಸುಲೈಮಾನ್’ ಎಂದೇ ಗುರುತು. ನಿಮ್ಮ ಸೊಸೆ ದೀಕ್ಷಿತಾ ಬಸುರಿ ಎಂದು ಕೇಳಿ ಸಂತೋಷ ಆಯಿತು. ಅಕ್ಕನಿಗೆ ನನ್ನ ಸಲಾಂ ಹೇಳಿ.

ನಿಮ್ಮ
ಸುಲೈಮಾನ್

*

ಬೆಳ್ತಂಗಡಿ
20 ಫೆಬ್ರವರಿ 2025

ಪ್ರೀತಿಯ ಸುಲೈಮಾನ್‌ಗೆ ಲೋಕಯ್ಯನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಉಜಿರೆಯ ಹಿಶಾಮ್ ಶನಿವಾರ ಹೊರಡುತ್ತಾನಂತೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ನಾವೆಲ್ಲ ಕ್ಷೇಮ. ಈ ವರ್ಷ ಹಲಸು ಬೇಗ ಬಿಟ್ಟಿದೆ. ಮಂಗಗಳ ಉಪದ್ರ ಉಂಟು.

ಹೊಟ್ಟೆಯದ್ದು ಗ್ಯಾಸ್ ಇರಬಹುದು. ಆದರೂ ದೊಡ್ಡ ಡಾಕ್ಟರಿಗೆ ತೋರಿಸು. ತೋರಿಸುವಾಗ ಸೊಂಟದ ಹಳೆಯ ಜಾಗವನ್ನೂ ತೋರಿಸು. ಅಲ್ಲಿಯದ್ದೊಂದು ಎಕ್ಸ್‌ರೇ ತೆಗೆಸಿದರೆ ಒಳ್ಳೆಯದು. ಯಾಕೆ ಎಂದು ಕೇಳಬೇಡ, ವಯಸ್ಸಾದ ಮೇಲೆ ಹಳೆಯ ಗಾಯಗಳನ್ನು ಒಮ್ಮೆ ನೋಡಿಸಿಕೊಳ್ಳಬೇಕು, ಅಷ್ಟೆ.

ಏಪ್ರಿಲ್ ಹತ್ತೊಂಬತ್ತನ್ನು ಇನ್ನು ಬರೆಯಬೇಡ. ಅದರಲ್ಲಿ ನೆನಪಿಸುವಂಥದ್ದು ಏನೂ ಇಲ್ಲ. ಉಪವಾಸದ ತಿಂಗಳು ಬರುತ್ತಾ ಉಂಟು, ಮೈ ನೋಡಿಕೋ.

ಲೋಕಯ್ಯ

*

ಬೆಳ್ತಂಗಡಿ
21 ಫೆಬ್ರವರಿ 2025

ಸುಲೈಮಾನ್,

ಇದನ್ನು ನಾನು ಕಳಿಸುವುದಿಲ್ಲ. ನಿನ್ನೆಯ ಕಾಗದವನ್ನು ಹಿಶಾಮ್‌ನ ಮನೆಯಲ್ಲಿ ಕೊಟ್ಟು ಬಂದ ಮೇಲೆ ಕೈ ಸುಮ್ಮನಿರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬರೆದು ಪೆಟ್ಟಿಗೆಯ ಅಡಿಗೆ ಹಾಕುತ್ತೇನೆ.

ನಿನ್ನನ್ನು ಹಂದಿ ತಿವಿಯಲಿಲ್ಲ. ನಿನಗೆ ಬಿದ್ದದ್ದು ನನ್ನ ಬೆಡಿ.

ಹಂದಿ ಇತ್ತು, ಅದು ಸುಳ್ಳಲ್ಲ. ಬಿದ್ದ ಹಲಸಿನ ಹಣ್ಣಿಗೆ ನಾಲ್ಕು ದಿನದಿಂದ ಬರುತ್ತಿತ್ತು. ಅಪ್ಪನ ಕೋವಿಗೆ ಮದ್ದು, ಸೀಸದ ಚರೆಗುಂಡು ತುಂಬಿ ಕಾದು ಕೂತಿದ್ದೆ. ನಾಯಿ ಬೊಗಳಿತು, ಪೊದೆ ಅಲುಗಿತು, ಹೊಡೆದೆ. ಹಂದಿ ಅಷ್ಟರಲ್ಲಿ ತೋಡಿನ ನೀರು ದಾಟಿ ಆಗಿತ್ತು. ಪೊದೆಯಿಂದ ಹೊರಗೆ ಬಿದ್ದದ್ದು ನಿನ್ನ ಬಿಳಿ ಅಂಗಿ. ಐದಾರು ಮಾರು ದೂರವೂ ಇರಲಿಲ್ಲ, ಚರೆಗಳು ಹರಡದೆ ಒಟ್ಟಿಗೇ ಹೊಕ್ಕಿದ್ದವು. ದೊಡ್ಡದೊಂದು ಹರಿದ ತೂತು. ನೋಡಿದವರು ಯಾರಾದರೂ ಹಂದಿ ತಿವಿದದ್ದು ಎಂದೇ ಹೇಳುತ್ತಿದ್ದರು. ಅದನ್ನು ನೋಡಿಯೇ ನನಗೆ ಆ ಮಾತು ಹೊಳೆದದ್ದು. ನಿನ್ನ ರಕ್ತ ನಿಲ್ಲಿಸುವ ಮೊದಲು ನನ್ನ ತಲೆ ಸುಳ್ಳನ್ನು ಹುಡುಕಿಕೊಂಡಿತ್ತು. ಇದನ್ನು ಯಾರಿಗೆ ಹೇಳಲಿ?

ಹೆಚ್ಚು ರಕ್ತ ಹೊರಗೆ ಬರಲಿಲ್ಲ. ಬದುಕಿದ ಎಂದುಕೊಂಡೆ. ಹೆಗಲ ಮೇಲಿನ ಬೈರಾಸನ್ನು ಮುದ್ದೆ ಮಾಡಿ ಒತ್ತಿ ಹಿಡಿದೆ. ಆಸ್ಪತ್ರೆಯಲ್ಲಿ ಆ ಮುದಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನನ್ನನ್ನು ಒಳಗೆ ಕರೆದರು. ಸಾಸಿವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು ಇದ್ದವು. “ಯಾವ ಹಂದಿಯಯ್ಯ ಇದು, ಚರೆ ಉಗುಳುವುದು?” ಎಂದರು. ರಕ್ತವೆಲ್ಲ ಒಳಗೇ ತುಂಬುತ್ತಿತ್ತಂತೆ. ತೊಡೆಯ ದೊಡ್ಡ ರಕ್ತನಾಳ ಎರಡು ಬೆರಳು ಆಚೆ ಇತ್ತಂತೆ, ಅದಕ್ಕೆ ತಾಗಿದ್ದರೆ ಉಜಿರೆ ದಾಟುವ ಮೊದಲೇ ಮುಗಿಯುತ್ತಿತ್ತಂತೆ. ನಾನು ಅವರ ಕಾಲು ಹಿಡಿದೆ. ಮನ್ವಿತ್ ಆಗ ಕಾಲೇಜಿಗೆ ಸೇರಿದ ವರ್ಷ, ಕಳ್ಳಕೋವಿಯ ಕೇಸು ಆದರೆ ಮನೆ ಮುಳುಗುತ್ತದೆ ಎಂದೆ. ಅವರು ಎಕ್ಸ್‌ರೇಯನ್ನು ಲಕೋಟೆಯೊಳಗೆ ಹಾಕಿ, ಚೀಟಿಯಲ್ಲಿ ಹಂದಿ ಎಂದು ಬರೆದರು.

ಒಂಬತ್ತು ಚರೆ ತೆಗೆದರು. ಐದು ಸೊಂಟದ ಕೀಲಿನೊಳಗೆ ಉಳಿದವು. “ಅವನ್ನು ತೆಗೆಯಲು ಹೋದರೆ ಈಗ ಕಾಲೇ ಹೋಗುತ್ತದೆ, ಇರಲಿ. ಮೊದಲ ದಿನ ರಕ್ತಕ್ಕೆ ಹೆದರಬೇಕು, ಮೊದಲ ತಿಂಗಳು ಕೀವಿಗೆ. ಎರಡನ್ನೂ ದಾಟಿದರೆ ಬದುಕಿದ” ಎಂದರು. ರಕ್ತವನ್ನು ಅವರು ನಿಲ್ಲಿಸಿದರು. ಕೀವನ್ನು ತಂದದ್ದು ನಿನ್ನ ಉಮ್ಮನ ಮಣ್ಣಲ್ಲ, ನನ್ನ ಸುಳ್ಳಿನ ಹಂದಿ. ಆ ಇಪ್ಪತ್ತೆರಡು ದಿನ ನಾನು ಆಸ್ಪತ್ರೆಯ ಬಾಗಿಲಿಗೆ ಬರುತ್ತಿದ್ದೆ, ಉಮ್ಮ ತಲೆ ಚಚ್ಚಿಕೊಳ್ಳುವುದನ್ನು ನೋಡುತ್ತಿದ್ದೆ, ಕಿತ್ತಳೆ ಹಣ್ಣು ಕೊಟ್ಟು ವಾಪಸು ಹೋಗುತ್ತಿದ್ದೆ.

ಆ ಡಾಕ್ಟರು ಕೊರೋನಾದಲ್ಲಿ ತೀರಿಹೋದರು. ಕೋವಿಯನ್ನು ಹಾಳು ಬಾವಿಗೆ ಹಾಕಿದೆ. ನಿನ್ನ ಮೈಯೊಳಗೆ ಏನುಂಟು ಎಂದು ಗೊತ್ತಿರುವವನು ಈಗ ಈ ಭೂಮಿಯ ಮೇಲೆ ನಾನೊಬ್ಬನೇ. ಎಡಗಿವಿಯಲ್ಲಿ ಬೇರೆ ಯಾವ ಶಬ್ದವೂ ಇಲ್ಲ, ಆ ಒಂದು ಸದ್ದು ಮಾತ್ರ ಉಂಟು. ಬೆಳಿಗ್ಗೆ ಎದ್ದು ಮುಖ ತೊಳೆಯುವಾಗ ಕೇಳುತ್ತದೆ. ನೀನು ಪ್ರತಿ ವರ್ಷ ‘ಜೀವ ಉಳಿಸಿದ ಅಣ್ಣ’ ಎಂದು ಬರೆಯುತ್ತೀ. ಪದ್ಮಾಕ್ಷಿ ಅದನ್ನು ಓದಿ ಕಣ್ಣು ಒರೆಸಿಕೊಳ್ಳುತ್ತಾಳೆ. ನಾನು ದನಕ್ಕೆ ಹುಲ್ಲು ಹಾಕಲು ಎದ್ದು ಹೋಗುತ್ತೇನೆ.

*

ದಮ್ಮಾಮ್
4 ಏಪ್ರಿಲ್ 2025

ಲೋಕಯ್ಯಣ್ಣನಿಗೆ ಸಲಾಂ.

ಪೆರ್ನಾಲ್ ಹಬ್ಬ ಮುಗಿಯಿತು. ಹನ್ನೊಂದು ಉಪವಾಸ ಬಿಟ್ಟುಹೋಯಿತು, ಜೀವನದಲ್ಲಿ ಮೊದಲ ಸಲ. ಉನೈಸ್ ನನ್ನನ್ನು ದೊಡ್ಡ ಆಸ್ಪತ್ರೆಗೆ ಎಳೆದುಕೊಂಡು ಹೋದ. ಹಲವು ಟೆಸ್ಟುಗಳಾದ ಮೇಲೆ ಒಂದು ವಿಚಿತ್ರ ಸಿಕ್ಕಿದೆ. ನನ್ನ ರಕ್ತದಲ್ಲಿ ಸೀಸ ಉಂಟಂತೆ. ಐದರ ಒಳಗೆ ಇರಬೇಕಾದದ್ದು ಎಂಬತ್ತೈದು ಉಂಟಂತೆ. ಹೊಟ್ಟೆನೋವು, ಕೈ ಜೋತುಬಿದ್ದದ್ದು, ಈಚೆಗೆ ಮಾತಿನ ನಡುವೆ ಹೆಸರುಗಳು ಮರೆತು ಹೋಗುವುದು, ಎಲ್ಲ ಅದರದ್ದೇ ಕೆಲಸವಂತೆ.

ಬ್ಯಾಟರಿ ಕೆಲಸವಾ, ಪೇಂಟ್ ಕೆಲಸವಾ ಎಂದು ಕೇಳಿದರು. ಸೀರೆ, ಪರ್ದಾ, ಕರ್ಟನ್ ಬಟ್ಟೆ ಎಂದೆ. ಮತ್ತೆ ಊರಿನ ಮದ್ದು ಏನಾದರೂ ತಿನ್ನುತ್ತೀಯಾ ಎಂದರು. ಉನೈಸ್ ಕೂಡಲೇ ಪದ್ಮಾಕ್ಷಿ ಅಕ್ಕನ ಲೇಹ್ಯದ ಬಾಟ್ಲಿಯನ್ನು ತಂದು ಮೇಜಿನ ಮೇಲೆ ಇಟ್ಟ. ಅವರಿಗೆ ಅದರ ಮೇಲೆಯೇ ಸಂಶಯ. ಊರಿನ ಮದ್ದುಗಳಲ್ಲಿ ಹಾಗೆ ಇರುತ್ತದಂತೆ. ಲ್ಯಾಬಿಗೆ ಕಳಿಸಿದ್ದಾರೆ, ಫಲಿತಾಂಶಕ್ಕೆ ತಿಂಗಳುಗಟ್ಟಲೆ ಬೇಕಂತೆ. ಅಣ್ಣ, ಅಕ್ಕನಿಗೆ ಇದನ್ನು ಹೇಳಬೇಡಿ ಎಂದು ಬರೆಯಬೇಕೆಂದಿದ್ದೆ. ಆದರೆ ಜುಲೈಕಾ ಹೆದರಿಕೆಯಲ್ಲಿ ಅವರಿಗೇ ಫೋನ್ ಮಾಡಿ ಏನೇನೋ ಹೇಳಿಬಿಟ್ಟಳಂತೆ. ನನಗೆ ನಾಚಿಕೆ ಆಗುತ್ತದೆ. ಆ ಕೈಯಲ್ಲಿ ವಿಷ ಬರಲು ಸಾಧ್ಯವೇ ಇಲ್ಲ, ಗಿಡದಲ್ಲಿಯೋ ಪಾತ್ರೆಯಲ್ಲಿಯೋ ಏನೋ ಆಗಿರಬೇಕು.

ನೀವು ಹೇಳಿದ ಸೊಂಟದ ವಿಷಯ ತೆಗೆಯಲಿಲ್ಲ. ಯಾಕೆ ಕುಂಟುತ್ತೀ ಎಂದು ಡಾಕ್ಟರು ಕೇಳಿದ್ದು ಹೌದು. ಬೈಕಿನಿಂದ ಬಿದ್ದದ್ದು ಎಂದೆ. ಅವರ ಎದುರು ಹಂದಿಯ ಹೆಸರು ಎತ್ತಲು ನಾಲಿಗೆ ಏಳಲಿಲ್ಲ. ಕೇಳಿ ಕೈ ತೊಳೆಯಲು ಎದ್ದು ಹೋದರೆ ನಾನು ಮುಖ ಎಲ್ಲಿ ಇಡಲಿ?

ಸೀಸ ಎಲ್ಲಿಂದ ಬರುತ್ತದೆ ಎಂದು ಸಿಗದಿದ್ದರೆ ಮದ್ದು ಕೊಟ್ಟೂ ಪ್ರಯೋಜನ ಇಲ್ಲವಂತೆ. ತಲೆಗೆ ಏರಿದರೆ ಫಿಟ್ಸ್ ಬರುತ್ತದಂತೆ. ಅದರ ನಂತರದ್ದನ್ನು ಡಾಕ್ಟರು ಉನೈಸ್‌ನನ್ನು ಹೊರಗೆ ಕರೆದು ಹೇಳಿದರು.

ಸುಲೈಮಾನ್

*

ಬೆಳ್ತಂಗಡಿ
17 ಏಪ್ರಿಲ್ 2025

ಪ್ರೀತಿಯ ಸುಲೈಮಾನ್‌ಗೆ,

ಹನೀಫಾ ನಾಳೆ ಹೊರಡುತ್ತಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ.

ಪದ್ಮಾಕ್ಷಿ ಭರಣಿಯಲ್ಲಿದ್ದ ಲೇಹ್ಯವನ್ನೆಲ್ಲ ಗುಂಡಿ ತೋಡಿ ಹುಗಿದಳು. ತಾಯಿ ಕೊಟ್ಟಿದ್ದ ಅರೆಯುವ ಕಲ್ಲನ್ನೂ ಎಸೆಯಲು ಹೊರಟಿದ್ದಳು, ಮನ್ವಿತ್ ತಡೆದ. ದೀಕ್ಷಿತಾಳಿಗೆ ಈಗ ಏಳು ತಿಂಗಳು. ಅವಳಿಗೂ ಅದೇ ಲೇಹ್ಯವನ್ನು ದಿನಾ ಚಮಚದಲ್ಲಿ ಕೊಡುತ್ತಿದ್ದದ್ದು ಇವಳೇ. “ಆ ಮಗುವಿಗೆ ಏನಾದ್ರೂ ಆದ್ರೆ ನಾನು ಬದುಕುವುದಿಲ್ಲ” ಎಂದು ಕೂತಿದ್ದಾಳೆ. ದೀಕ್ಷಿತಾಳನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆಗೆ ಕೊಟ್ಟು ಬಂದಿದ್ದೇವೆ. ಮದ್ದಿಗೆ ಬರುತ್ತಿದ್ದ ನಾಲ್ಕು ಮನೆಯವರೂ ಈಗ ಬರುವುದಿಲ್ಲ.

ಅದು ಲೇಹ್ಯದಿಂದ ಅಲ್ಲ ಸುಲೈಮಾನ್. ನಾನು ಆಣೆ ಇಟ್ಟು ಹೇಳಬಲ್ಲೆ. ನೀನು ಸೊಂಟದ ಎಕ್ಸ್‌ರೇ ತೆಗೆಸು. ಬೈಕು ಗೀಕು ಎಂದು ಸುಳ್ಳು ಹೇಳಬೇಡ. ಅಂದು ಆ ಮುದಿ ಡಾಕ್ಟರು ನನ್ನ ಹತ್ತಿರ ಒಂದು ಮಾತು ಹೇಳಿದ್ದರು, ನಿನಗೆ ಬೇಸರ ಆಗುತ್ತದೆ ಎಂದು ತಿಳಿಸಿರಲಿಲ್ಲ. ಹಂದಿಯ ಕೋರೆ ಮುರಿದು ಒಂದು ಚೂರು ಒಳಗೆ ಉಳಿದಿರಬಹುದು ಎಂದಿದ್ದರು. ಅದರಿಂದಲೇ ಏನಾದರೂ ಆಗಿರಬಹುದು. ತಡ ಮಾಡಬೇಡ, ಕೈ ಮುಗಿದು ಕೇಳುತ್ತೇನೆ.

ಲೋಕಯ್ಯ

*

ದಮ್ಮಾಮ್
8 ಮೇ 2025

ಲೋಕಯ್ಯಣ್ಣನಿಗೆ,

ಪೆನ್ನು ಹಿಡಿಯಲು ಆಗುವುದಿಲ್ಲ, ನಾನು ಹೇಳಿದ್ದನ್ನು ಉನೈಸ್ ಬರೆಯುತ್ತಿದ್ದಾನೆ.

ಇದನ್ನು ನೀವು ಹನ್ನೆರಡು ವರ್ಷ ಯಾಕೆ ಮುಚ್ಚಿಟ್ಟಿರಿ ಅಣ್ಣ? ನನ್ನ ಬೇಸರಕ್ಕೆ ಹೆದರಿದಿರಿ, ಒಳ್ಳೆಯ ಮನಸ್ಸೇ. ಆದರೆ ನಾನು ಅದನ್ನು ಮೈಯೊಳಗೆ ಇಟ್ಟುಕೊಂಡು ದಿನಕ್ಕೆ ಐದು ಸಲ ನಮಾಝಿಗೆ ನಿಂತೆನಾ? ಅದನ್ನು ಹೊತ್ತುಕೊಂಡು ಮಕ್ಕಾಕ್ಕೆ ಹೋಗಿ ಬಂದೆನಾ? ಹೊರಗೆ ಏಳು ಸಲ ತೊಳೆಯಬಹುದು. ಒಳಗೆ ಉಮ್ಮ ಯಾವ ಮಣ್ಣು ಹಾಕಿ ತೊಳೆಯುತ್ತಾರೆ?

ಎಕ್ಸ್‌ರೇ ತೆಗೆಸುವುದಿಲ್ಲ. ಕಂಡರೆ ಅದು ಉಂಟು ಎಂದು ಆಗಿಹೋಗುತ್ತದೆ. ಇಲ್ಲಿಯವರ ಕಣ್ಣಿಗೆ ಅದು ಬೀಳುವುದಕ್ಕಿಂತ ನಾನು ಹೀಗೆಯೇ ಹೋಗುವುದು ವಾಸಿ. ಉಸ್ತಾದರ ಹತ್ತಿರ ಕೇಳು ಎಂದು ಉನೈಸ್ ಹೇಳುತ್ತಾನೆ. ಅಲ್ಲಾಹನು ಅರಿಯದೆ ಆದದ್ದನ್ನು ಹಿಡಿಯುವುದಿಲ್ಲ ಎಂದು ಉಸ್ತಾದರು ಹೇಳುತ್ತಾರೆ, ನನಗೆ ಗೊತ್ತುಂಟು. ನನ್ನ ಮೈಗೆ ಅದು ಅರ್ಥ ಆಗಬೇಕಲ್ಲ. ಸೋಪು ಹಾಕಿ ಉಜ್ಜಿ ಉಜ್ಜಿ ಆ ಜಾಗದ ಚರ್ಮ ಎದ್ದಿದೆ.

ಉಮ್ಮನಿಗೆ ಇದು ಯಾವ ಕಾರಣಕ್ಕೂ ಗೊತ್ತಾಗಬಾರದು. ನಿಮ್ಮಿಂದ ನನಗೆ ಬೇಕಾದದ್ದು ಅಷ್ಟೆ.

ಸುಲೈಮಾನ್

ಲೋಕಯ್ಯಣ್ಣ, ಇನ್ನು ಮುಂದಿನದ್ದು ಉನೈಸ್ ಆದ ನಾನೇ ಬರೆಯುವುದು. ಮಾಮನಿಗೆ ತಿಳಿಯದೆ ಬರೆಯುತ್ತಿದ್ದೇನೆ. ಮಂಗಳವಾರ ಮಧ್ಯಾಹ್ನ ಅಂಗಡಿಯಲ್ಲಿ ಅವರು ಬಿದ್ದರು. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಎಚ್ಚರಾದ ಮೇಲೆ ಅರ್ಧ ಗಂಟೆ ನನ್ನನ್ನು ಯಾರೆಂದು ಗುರುತಿಸಲಿಲ್ಲ. ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಮಾಮ ಸೊಂಟ ಮುಟ್ಟಲು ಯಾರನ್ನೂ ಬಿಡುವುದಿಲ್ಲ. ಲೇಹ್ಯ ನಿಲ್ಲಿಸಿ ತಿಂಗಳಾದರೂ ಸೀಸ ಇಳಿದಿಲ್ಲ. ಆ ದಿನ ಅಲ್ಲಿ ಇದ್ದವರು ನೀವು ಮಾತ್ರ. ಬೇರೆ ಏನಾದರೂ ಗೊತ್ತಿದ್ದರೆ ದಯಮಾಡಿ ಹೇಳಿ.

*

ಬೆಳ್ತಂಗಡಿ
15 ಮೇ 2025, ಬೆಳಿಗ್ಗೆ 10 ಗಂಟೆ

ಸುಲೈಮಾನ್,

ಇದನ್ನು ಯಾರ ಕೈಯಲ್ಲೂ ಕಳಿಸಿ ಕಾಯುವುದಿಲ್ಲ. ಮನ್ವಿತ್‌ನ ಮೊಬೈಲಿನಲ್ಲಿ ಫೋಟೋ ತೆಗೆದು ಈಗಲೇ ಉನೈಸ್‌ಗೆ ಕಳಿಸುತ್ತಿದ್ದೇನೆ. ಮನ್ವಿತ್ ಓದುತ್ತಾನೆ. ಓದಲಿ.

ಉನೈಸ್, ಮೊದಲು ಇದನ್ನು ಡಾಕ್ಟರಿಗೆ ಹೇಳು, ಮಾಮನಿಗೆ ಆಮೇಲೆ. ಅವನ ಬಲ ಸೊಂಟದ ಕೀಲಿನೊಳಗೆ ಕೋವಿಯ ಐದು ಚರೆಗಳು ಉಂಟು. ಶುದ್ಧ ಸೀಸ. ಹನ್ನೆರಡು ವರ್ಷದಿಂದ ಉಂಟು. ಹೊಡೆದವನು ನಾನು.

ಸುಲೈಮಾನ್, ನಿನ್ನೊಳಗೆ ಕೋರೆ ಇಲ್ಲ, ಹಲ್ಲು ಇಲ್ಲ, ಹಂದಿಯ ಒಂದು ರೋಮವೂ ಇಲ್ಲ. ಹಂದಿ ನಿನ್ನನ್ನು ಮುಟ್ಟಲೇ ಇಲ್ಲ. ನಿನ್ನ ಮೈ ಅಂದೂ ಶುದ್ಧ ಇತ್ತು, ಇಂದೂ ಶುದ್ಧ ಉಂಟು. ಕೋರೆಯ ಮಾತು ನಾನು ಕಳೆದ ತಿಂಗಳು ಕಟ್ಟಿದ್ದು. ನೀನು ಹೇಗಾದರೂ ಎಕ್ಸ್‌ರೇಗೆ ಹೋಗುವ ಹಾಗಾಗಲಿ, ಸತ್ಯವನ್ನು ಆ ಯಂತ್ರವೇ ಹೇಳಲಿ, ನನ್ನ ಬಾಯಿ ಬೇಡ ಎಂದು ಲೆಕ್ಕ ಹಾಕಿದೆ. ಅದು ನಿನ್ನನ್ನು ಹೀಗೆ ಸುಡುತ್ತದೆ ಎಂದು ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ದೀಕ್ಷಿತಾಳ ರಕ್ತದಲ್ಲಿ ಏನೂ ಇಲ್ಲ ಎಂದು ನಿನ್ನೆ ಬಂತು. ಪದ್ಮಾಕ್ಷಿ ಆ ಚೀಟಿಯನ್ನು ಹಿಡಿದು ನನ್ನ ಎದುರು ನಿಂತು, ಹಾಗಾದರೆ ಸುಲೈಮಾನ್ ಬ್ಯಾರಿಗೆ ಸೀಸ ಎಲ್ಲಿಂದ ಬಂತು ಎಂದು ಕೇಳಿದಳು. ಅದೇ ಹೊತ್ತಿಗೆ ನಿಮ್ಮ ಕಾಗದವೂ ಬಂತು. ನಾನು ಪೆಟ್ಟಿಗೆಯಿಂದ ಫೆಬ್ರವರಿಯಲ್ಲಿ ಬರೆದಿಟ್ಟ ಕಾಗದ ತೆಗೆದು ಅವಳ ಕೈಗೆ ಕೊಟ್ಟೆ. ಅದರ ಫೋಟೋವನ್ನೂ ಇದರ ಜೊತೆಗೆ ಕಳಿಸಿದ್ದೇನೆ. ನಡೆದದ್ದೆಲ್ಲ ಅದರಲ್ಲಿ ಉಂಟು.

ಪೊಲೀಸರಿಗೆ ಹೇಳುವುದಾದರೆ ಹೇಳು. ನಾನು ಮನೆಯಲ್ಲೇ ಇದ್ದೇನೆ. ಮೊದಲು ಆಸ್ಪತ್ರೆಗೆ ಹೋಗು.

ಲೋಕಯ್ಯ

*

ದಮ್ಮಾಮ್
27 ಜುಲೈ 2025

ಲೋಕಯ್ಯ ಗೌಡರಿಗೆ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓರೆಯಾಗಿದ್ದರೆ ಕ್ಷಮಿಸಬೇಕು.

ನಿಮ್ಮ ಫೋಟೋ ಬಂದ ದಿನ ಸಂಜೆ ನಾಲ್ಕು ಗಂಟೆಗೆ ಎಕ್ಸ್‌ರೇ ಆಯಿತು. ಐದು ಎಂದು ನೀವು ಬರೆದಿದ್ದಿರಿ, ಐದೇ ಇದ್ದವು. ಮಾಂಸದಲ್ಲಿ ಉಳಿದಿದ್ದರೆ ಏನೂ ಆಗುತ್ತಿರಲಿಲ್ಲವಂತೆ. ಕೀಲಿನ ನೀರಿನಲ್ಲಿ ಸೀಸ ಕರಗುತ್ತದಂತೆ, ವರ್ಷಗಟ್ಟಲೆ, ಸ್ವಲ್ಪ ಸ್ವಲ್ಪವೇ. ಮೊದಲು ರಕ್ತದ ಸೀಸ ಇಳಿಸುವ ಮದ್ದು ಕೊಟ್ಟು, ಜೂನ್ ಕೊನೆಗೆ ಸೊಂಟ ತೆರೆದರು. ಎಲ್ಲ ತೆಗೆದಾಗಿದೆ. ಫಿಟ್ಸ್ ಮತ್ತೆ ಬಂದಿಲ್ಲ. ಬಲಗೈ ಪೂರ್ತಿ ಬರುವುದು ಸಂಶಯ. ಇನ್ನು ಎರಡು ವಾರ ತಡವಾಗಿದ್ದರೆ ಈ ಕಾಗದ ಬರೆಯಲು ನಾನು ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

ಲೇಹ್ಯದಲ್ಲಿ ದೋಷ ಇಲ್ಲ ಎಂದು ಲ್ಯಾಬಿನ ಕಾಗದ ಬಂದಿದೆ. ಇದರೊಳಗೆ ಇಟ್ಟಿದ್ದೇನೆ, ಪದ್ಮಾಕ್ಷಿ ಅಕ್ಕನ ಕೈಗೆ ಕೊಡಿ. ಜುಲೈಕಾ ನಿಮ್ಮ ಮನೆಗೆ ಬಂದು ಅಕ್ಕನ ಹತ್ತಿರ ಮಾಫಿ ಕೇಳುತ್ತಾಳೆ.

ಯಾರು ಹೊಡೆದದ್ದು ಎಂದು ಇಲ್ಲಿ ಕೇಳಿದರು. ಹಂದಿಗೆ ಇಟ್ಟ ಗುರಿ ತಪ್ಪಿ ಬಿತ್ತು, ಯಾರೆಂದು ಗೊತ್ತಿಲ್ಲ ಎಂದೆ. ಇದನ್ನು ದೊಡ್ಡ ಮನಸ್ಸು ಎಂದು ತಿಳಿಯಬೇಡಿ. ನಿಮ್ಮ ಸೊಸೆಗೆ ಹೆರಿಗೆಯ ಸಮಯ ಎಂದು ನೆನಪಾಯಿತು, ಅಷ್ಟೆ.

ಬೆಡಿಗಾಗಿ ನನಗೆ ಕೋಪ ಇಲ್ಲ. ಕೈ ತಪ್ಪುತ್ತದೆ. ಜೀಪಿನಲ್ಲಿ “ನನ್ನಿಂದ ಹೀಗಾಯಿತು” ಎಂದು ಹೇಳಿದ್ದರೆ ಕಲ್ಮಂಜ ದಾಟುವ ಮೊದಲೇ ನಾನು ಬಿಟ್ಟುಬಿಡುತ್ತಿದ್ದೆ. ಆ ಡಾಕ್ಟರ ಎದುರು ಹಂದಿ ತಿವಿದದ್ದೇ ಎಂದು ನಾನೇ ಸಾಕ್ಷಿ ಹೇಳುತ್ತಿದ್ದೆ. ನನ್ನನ್ನು ಕೇಳಿ ಹೇಳುವ ಸುಳ್ಳು ಬೇರೆ. ನೀವು ನನಗೇ ಸುಳ್ಳು ಹೇಳಿದಿರಿ. ಪ್ರತಿ ಏಪ್ರಿಲಿಗೆ ನನ್ನ ಉಪಕಾರಸ್ಮರಣೆಯನ್ನು ಕೈಚಾಚಿ ತೆಗೆದುಕೊಂಡಿರಿ. ನನ್ನ ಮೈಯನ್ನು ನನಗೇ ಹೇಸಿಗೆ ಮಾಡಿ ಇಟ್ಟಿರಿ.

ಅದನ್ನಾದರೂ ನಾನು ನುಂಗುತ್ತೇನೆ. ಉಮ್ಮನದ್ದನ್ನು ನುಂಗಲು ಆಗುವುದಿಲ್ಲ. ಅವರಿಗೆ ಎಂಬತ್ತಾರು. ನನ್ನನ್ನು ತಾನೇ ಕೊಲ್ಲಲು ಹೊರಟೆ ಎಂದು ನಂಬಿಕೊಂಡು ಹನ್ನೆರಡು ವರ್ಷದಿಂದ ನನ್ನನ್ನು ಮುಟ್ಟದೆ ಬದುಕಿದ್ದಾರೆ. ನಾನು ಫೋನಿನಲ್ಲಿ ಹೇಳಿಲ್ಲ. ಶಬ್ನಾಳಿಗೂ ಹೇಳಬೇಡ ಎಂದು ಜುಲೈಕಾಳಿಗೆ ತಿಳಿಸಿದ್ದೇನೆ. ಅದನ್ನು ಹೇಳಬೇಕಾದವರು ನೀವು, ಅವರ ಎದುರು ನಿಂತು, ನಿಮ್ಮ ಬಾಯಲ್ಲಿ. ಮೂಡುಬಿದಿರೆಗೆ ಹೋಗಿ ಬಂದು ನನಗೆ ಬರೆಯಿರಿ. ಉಮ್ಮ ಏನು ಹೇಳಿದರೋ ಅದನ್ನು ಹಾಗೆಯೇ ಬರೆಯಿರಿ, ಇನ್ನೂ ಒಂದು ಸುಳ್ಳು ಸೇರಿಸಬೇಡಿ. ಆಮೇಲೆ ನಮ್ಮಿಬ್ಬರ ನಡುವೆ ಮಾತು ಉಂಟಾ ಇಲ್ಲವಾ ಎಂದು ನೋಡುವ.

ಸುಲೈಮಾನ್

*

ಬೆಳ್ತಂಗಡಿ
11 ಆಗಸ್ಟ್ 2025

ಸುಲೈಮಾನ್‌ಗೆ,

ನಿನ್ನೆ ಹೋಗಿ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ವೇಣೂರು ಮೇಲಿನ ಬಸ್ಸು ಹಿಡಿದೆ. ಪದ್ಮಾಕ್ಷಿಯೂ ಬಂದಳು. ಮೇ ತಿಂಗಳಿನಿಂದ ಅವಳು ನನ್ನ ಹತ್ತಿರ ಮಾತಾಡಿಲ್ಲ, ಬಡಿಸುತ್ತಾಳೆ, ಅಷ್ಟೆ. ಲ್ಯಾಬಿನ ಕಾಗದವನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಶಬ್ನಾ ಬಾಗಿಲು ತೆಗೆದು ನಮ್ಮನ್ನು ನೋಡಿ ಸಂತೋಷಪಟ್ಟಳು. ಅವಳ ಸಂತೋಷ ನೋಡಿಯೇ ನನಗೆ ವಾಪಸು ಹೋಗುವ ಎಂದು ಕಂಡಿತು.

ಉಮ್ಮ ಕಿಟಕಿಯ ಹತ್ತಿರದ ಮಂಚದಲ್ಲಿ ಕೂತಿದ್ದರು. ನನ್ನ ಗುರುತು ಸಿಕ್ಕಿತು. “ನನ್ನ ಮಗನ ಜೀವ ಉಳಿಸಿದವರು ಬಂದ್ರಾ” ಎಂದರಂತೆ, ಪದ್ಮಾಕ್ಷಿ ಆಮೇಲೆ ಹೇಳಿದಳು. ಅಷ್ಟು ದಿನಗಳ ನಂತರ ಅವಳು ನನಗೆ ಹೇಳಿದ ಮಾತು ಅದೊಂದೇ. ನಾನು ಕೂರಲಿಲ್ಲ. ನಿಂತೇ, ತುಳುವಿನಲ್ಲಿ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಹಲಸಿನ ಮರ, ಕೋವಿ, ಜೀಪು, ಎಕ್ಸ್‌ರೇ, ಡಾಕ್ಟರ ಕಾಲು ಹಿಡಿದದ್ದು. ನನ್ನ ದನಿ ಎಷ್ಟು ದೊಡ್ಡದಾಗಿತ್ತೋ ನನಗೆ ಗೊತ್ತಾಗುವುದಿಲ್ಲ, ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತಿದ್ದರು. ನಾನು ನಿಲ್ಲಿಸಲಿಲ್ಲ.

ಉಮ್ಮ ಬೆಡಿಯ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದು ಒಂದೇ, ಅದನ್ನು ಶಬ್ನಾ ನನಗೆ ಜೋರಾಗಿ ಹೇಳಿದಳು: “ಹಂದಿ ಅವನನ್ನು ಮುಟ್ಟಲೇ ಇಲ್ವಾ?” ಇಲ್ಲ ಎಂದೆ. ಮತ್ತೆ ಕೇಳಿದರು. ಇಲ್ಲ ಎಂದೆ. ಮೂರನೆಯ ಸಲ ನನ್ನ ಕೈಯನ್ನು ಅವರ ಕುರ್‌ಆನಿನ ಹತ್ತಿರ ಇರಿಸಲು ಹೋಗಿ, ಏನೋ ಯೋಚಿಸಿ, ಬಿಟ್ಟರು. ನಿನ್ನ ಸತ್ಯ ಹೇಳು ಎಂಬ ಹಾಗೆ ಮುಖ ನೋಡಿದರು. ಹಂದಿ ತೋಡು ದಾಟಿ ಆಗಿತ್ತು ಉಮ್ಮ, ಅದರ ಉಸಿರೂ ನಿಮ್ಮ ಮಗನಿಗೆ ತಾಗಿಲ್ಲ ಎಂದೆ.

ಆಗ ಅವರು ನಕ್ಕರು ಸುಲೈಮಾನ್. ಹಲ್ಲಿಲ್ಲದ ಬಾಯಿ ತೆರೆದು, ಕಣ್ಣಲ್ಲಿ ನೀರು ಸುರಿಸಿಕೊಂಡು, ಶಬ್ನಾಳ ಕೈ ಹಿಡಿದು ಅಲುಗಾಡಿಸುತ್ತಾ ನಕ್ಕರು. ಬೇಲಿಯ ಹತ್ತಿರ ನಿಂತವರಿಗೆಲ್ಲ ಕೂಗಿ ಹೇಳಿದರು. ನಿನಗೆ ಫೋನ್ ಮಾಡು ಎಂದು ಶಬ್ನಾಳಿಗೆ ಹೇಳಿದರು, ನೀನು ಎತ್ತಲಿಲ್ಲ, ಆಸ್ಪತ್ರೆಗೆ ಹೋಗಿರಬೇಕು. ನನಗೆ ಚಹಾ ಕೊಡು ಎಂದೂ ಹೇಳಿದರು. ನಾನು ಅಲ್ಲಿ ನಿಂತು, ನಾಚಿಕೆ ಇಲ್ಲದೆ, ಇಷ್ಟರಲ್ಲಿ ಮುಗಿಯಿತು ಎಂದುಕೊಂಡೆ. ಹನ್ನೆರಡು ವರ್ಷದ್ದು ಒಂದು ನಗುವಿನಲ್ಲಿ ಮುಗಿಯಿತು ಎಂದುಕೊಂಡು ಕುರ್ಚಿಯಲ್ಲಿ ಕೂತೆ.

ಚಹಾ ಬಂತು. ಉಮ್ಮ ಗ್ಲಾಸನ್ನು ತೆಗೆದುಕೊಳ್ಳಲಿಲ್ಲ. ತಮ್ಮ ಎರಡು ಕೈಗಳನ್ನು ಮಡಿಲಲ್ಲಿ ಮಗುಚಿ ಹಾಕಿ ನೋಡುತ್ತಾ ಕೂತಿದ್ದರು. ಆಮೇಲೆ ನನ್ನನ್ನು ಹತ್ತಿರ ಕರೆದರು. ನಾನು ಮಂಚದ ಪಕ್ಕ ನೆಲದಲ್ಲಿ ಕೂತೆ. ನನ್ನ ತಲೆಯನ್ನು ಹಿಡಿದು ತಿರುಗಿಸಿ, ಬಲಗಿವಿಗೆ ಬಾಯಿ ತಾಗಿಸಿ, ಮೆಲ್ಲನೆ ಕೇಳಿದರು.

“ಹಾಗಾದ್ರೆ ನಾನು ಅವನ ಗಾಯಕ್ಕೆ ಮಣ್ಣು ಹಾಕಿದ್ದು ಯಾಕೆ?”

ಶಬ್ನಾ ಮುಖ ತಿರುಗಿಸಿಕೊಂಡಳು. ಪದ್ಮಾಕ್ಷಿ ನೆಲ ನೋಡುತ್ತಿದ್ದಳು. ಉಮ್ಮನ ಕೈ ನನ್ನ ತಲೆಯ ಮೇಲೆಯೇ ಇತ್ತು, ಅವರು ಕಾಯುತ್ತಿದ್ದರು.

ನನಗೆ ಕೇಳಿಸಲಿಲ್ಲ ಎಂದುಕೊಂಡು ಅವರು ಇನ್ನೊಮ್ಮೆ, ಜೋರಾಗಿ ಕೇಳಿದರು. ನನಗೆ ಮೊದಲ ಸಲವೇ ಕೇಳಿಸಿತ್ತು, ಸುಲೈಮಾನ್.

ಲೋಕಯ್ಯ